ಪೋಟಗಿ ಜಪ್ತಿಗೆ ಹೋಗಿ ಕಂಬಳಿ ಹಾಸಿ ಬಂದದ್ದು

ಕುರಿ ಜಪ್ತಿ ಮಾಡುವುದು ಎಮ್ಮೆ ಜಪ್ತಿ ಮಾಡಿದಷ್ಟು ಸುಲಭವಲ್ಲ. ಎಮ್ಮೆಯಾದರೆ ಹಗ್ಗ ಬಿಚ್ಚಿ ಹಿಡಿದುಕೊಂಡು ನಡೆದರಾಯಿತು. ಕುರಿಗೆ ಹಗ್ಗವೇ ಇಲ್ಲ. ಒಂದನ್ನು ಮುಟ್ಟಿದರೆ ಹಿಂಡೇ ಓಡುತ್ತದೆ, ಓಡಿ ಪಕ್ಕದವನ ಹಿಂಡಿನೊಳಗೆ ಸೇರಿಕೊಂಡರೆ ಯಾವುದು ಯಾರದೆಂದು ಜಡ್ಜ್ ಸಾಹೇಬರೇ ಬಂದರೂ ಹೇಳಲಾರರು. ಇಂಗ್ರೇಜರ ಕಾಲದಲ್ಲಿ, ದೊಡ್ಡ ಯುದ್ಧ ಶುರುವಾಗುವ ಮುಂಚೆ, ನಾನು ಗೋಕಾಕದ ಕೋರ್ಟಿನಲ್ಲಿ ವಾರಂಟು ಜಾರಿ ಮಾಡುವ ಬೇಲಿಫನಾಗಿದ್ದೆ. ಕುರಿ ವಾರಂಟು ಬಂತೆಂದರೆ ಉಳಿದ ಬೇಲಿಫರಿಗೆಲ್ಲ ಅಂದೇ ಹೊಟ್ಟೆನೋವು. ವಾರಂಟು ಹಂಚುವ ನಾಜರ ಸಾಹೇಬರು ನನ್ನ ಮುಖ ನೋಡಿ ನಗುತ್ತಿದ್ದರು.

"ನೀ ಕುರುಬರಾವ ಅದಿ. ಕುರಿ ನಿನ್ನ ಮಾತ ಕೇಳತಾವ. ನೀನ ಹೋಗು."

ಹುಕ್ಕೇರಿ ಕಡೆ ನನ್ನಪ್ಪ ಕುರಿ ಕಾಯ್ದವನು, ನಿಜ. ನಾನು ಮುಲ್ಕಿ ಪರೀಕ್ಷೆ ಪಾಸಾಗಿ ಎದೆಗೆ ಕೋರ್ಟಿನ ಹಿತ್ತಾಳೆ ಬಿಲ್ಲೆ ಕಟ್ಟಿಕೊಂಡಿದ್ದೆ, ಆದರೂ ಹೆಗಲ ಮೇಲಿನ ಕರಿ ಕಂಬಳಿ ಬಿಟ್ಟಿರಲಿಲ್ಲ. ಕುರಿ ನನ್ನ ಮಾತು ಎಂದೂ ಕೇಳಲಿಲ್ಲ. ಇರಲಿ.

ಆ ಸಲದ ವಾರಂಟು ಪೋಟಗಿಯದು. ಗಂಡ ಬಿಟ್ಟ ಹೆಂಡತಿಗೆ, ಅವಳ ಮಕ್ಕಳಿಗೆ ಅನ್ನ ಬಟ್ಟೆಗೆಂದು ಕೋರ್ಟು ತಿಂಗಳು ತಿಂಗಳು ಕೊಡಿಸುವ ಹಣಕ್ಕೆ ನಮ್ಮ ಕಡೆ ಪೋಟಗಿ ಎನ್ನುತ್ತಾರೆ. ಹೆಣ್ಣುಮಗಳು ಹತ್ತರಗಿ ಹತ್ತಿರದವಳು, ನಮ್ಮ ಜಾತಿಯವಳೇ. ಮೂಡಲಗಿ ಆಚೆಯ ಒಂದು ಕುರುಬರ ಹಟ್ಟಿಗೆ ಕೊಟ್ಟಿದ್ದರು. ಗಂಡ ಕುಡಿಯುವವ, ಬಡಿಯುವವ. ಒಂದು ದಿನ ಕಾದ ಕುಡಗೋಲನ್ನು ಅವಳ ತೊಡೆಗೆ ಇಟ್ಟ. ಅವಳು ಮಗಳನ್ನು ಸೊಂಟಕ್ಕೇರಿಸಿಕೊಂಡು ತವರಿಗೆ ಬಂದು, ಅಣ್ಣನ ಕೈಯಲ್ಲಿ ಫಿರ್ಯಾದು ಹಾಕಿಸಿದಳು. ಮಗಳು ತಾಯಿಯ ಹತ್ತಿರವೇ ಇರಬೇಕು, ಅಪ್ಪ ಪೋಟಗಿ ಕೊಡಬೇಕು ಎಂದು ಕೋರ್ಟು ಹೇಳಿತು. ಅವನು ಒಂದು ಬಿಡಿಗಾಸೂ ಕೊಡಲಿಲ್ಲ. ಅದಕ್ಕೇ ಕುರಿ ಜಪ್ತಿ.

ಹೊರಡುವ ದಿನ ಅವಳು ಕೋರ್ಟಿನ ಕಟ್ಟೆಯ ಮೇಲೆ ಮಗಳೊಂದಿಗೆ ಕೂತಿದ್ದಳು. ಮಗಳ ಹೆಸರು ಲಗಮಿ. ನಾಲ್ಕೋ ಐದೋ ವರ್ಷ, ಬಾಯಿ ಮಾತ್ರ ಮುದುಕಿಯದು. ಅವಳ ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಬೆನ್ನೇರಿ ಕೂತಿತ್ತು.

"ಏನವಾ, ನಿನ್ನ ಬೆರಳು ಉಪ್ಪಿನಮೂಟಿ ಆಡಾಕತ್ತೈತಲ್ಲ!" ಎಂದೆ.

"ನಿನ್ನ ಮೀಸಿ ಇಲಿ ತಿಂದೈತಿ" ಎಂದಳು, ಥಟ್ಟನೆ. ತಾಯಿ ಅವಳ ಬಾಯಿ ಮುಚ್ಚಿ, ನಗಲೂ ಆಗದೆ ಗದರಲೂ ಆಗದೆ ನನ್ನನ್ನು ನೋಡಿದಳು.

"ಅಣ್ಣಾರ, ಕುರಿ ಸಿಕ್ಕರ ಸಿಗಲಿ, ಬಿಟ್ಟರ ಬಿಡಲಿ. ಈಕಿ ನನ್ನ ಕೈಯಾಗ ಉಳದರ ಸಾಕರಿ. ಅವನ ಕೈಯಾಗ ಸಿಕ್ಕರ ಉಳಿಯಾಂಗಿಲ್ಲ."

"ಕೋರ್ಟಿನ ಹುಕುಂ ಐತೆವ್ವಾ. ಅಂಜಬ್ಯಾಡ" ಎಂದೆ. ಎಷ್ಟು ಸಲೀಸಾಗಿ ಹೇಳಿದೆನಲ್ಲ ಎಂದು ಈಗ ನನಗೇ ಸಿಟ್ಟು ಬರುತ್ತದೆ.

ಹಟ್ಟಿಯ ದೊಡ್ಡಿಗೆ ನಾನು ಬೆಳಗಿನ ಹೊತ್ತಿಗೇ ತಲುಪಿದೆ. ಕುರಿ ಮೇಯಲು ಬಿಟ್ಟ ಮೇಲೆ ಹೋದರೆ ಏನೂ ಸಿಗುವುದಿಲ್ಲ. ಸೂರ್ಯ ಹುಟ್ಟುವ ಮುಂಚೆ ಹೋದರೆ ಕಾಯ್ದೆಗೆ ವಿರುದ್ಧ. ಜೊತೆಗೆ ನನ್ನ ಸಿಪಾಯಿ, ಊರಿನ ಇಬ್ಬರು ಪಂಚರು. ದೊಡ್ಡಿಯ ಬೇಲಿಯನ್ನು ಒಂದೇ ಕುರಿ ದಾಟುವಷ್ಟು ತೆರೆದು, ದಾಟಿದ ಒಂದೊಂದರ ಬೆನ್ನಿಗೂ ಹುರಮಂಜಿನ ಕೆಂಪು ಬಳಿದು ಬಿಡಬೇಕು. ಕೆಂಪು ಹತ್ತಿದ್ದು ಕೋರ್ಟಿನದು. ಗಬ್ಬದ ಕುರಿ ನಾನು ಮುಟ್ಟುತ್ತಿರಲಿಲ್ಲ. ಅದು ಕಾಯ್ದೆಯಲ್ಲ, ನನ್ನಪ್ಪ ಕಲಿಸಿದ್ದು.

ಕೆಂಪು ಬಳಿಯಲು ಶುರುಮಾಡಿದ್ದೆವಷ್ಟೆ, ಗಂಡ ನಾಯಿ ಬಿಟ್ಟ. ಕುರಿ ಕಾಯುವ ನಾಯಿಗಳು ತೋಳಕ್ಕೂ ಹೆದರುವಂಥವಲ್ಲ. ಒಂದು ನನ್ನ ಮೊಣಕಾಲ ಕೆಳಗೆ ಕಚ್ಚಿ ನೇತಾಡಿತು. ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಗಂಡನ ತಮ್ಮ ಹಿಂದಿನಿಂದ ಬಂದು ಸಿಪಾಯಿಯ ಹೆಗಲಿಗೆ ಬಡಿಗೆ ಇಳಿಸಿದ. ಎಲುಬು ಮುರಿದ ಸಪ್ಪಳ ನನಗೆ ಕೇಳಿಸಿತು. ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿ. ಹುರಮಂಜಿನ ಮಡಕೆಯನ್ನೇ ಎತ್ತಿ ಆ ತಮ್ಮನ ಮುಖಕ್ಕೆ ಹೊಡೆದೆ. ಮಡಕೆ ಒಡೆಯಿತು, ಹಲ್ಲೂ ಉದುರಿತು, ಕೆಂಪು ಯಾವುದು ರಕ್ತ ಯಾವುದು ತಿಳಿಯದಂತೆ ಅವನು ಕೆಳಗೆ ಕೂತ. ಪಂಚರು ನಡುವೆ ಬಿದ್ದು ಬಿಡಿಸಿದರು. ಒಳಗಿನಿಂದ ಒಬ್ಬ ಮುದುಕಿ ಓಡಿಬಂದು, ತನ್ನ ಮಗನನ್ನು ಬಿಟ್ಟು ನನ್ನ ಸಿಪಾಯಿಗೆ ಮೊದಲು ನೀರು ಕುಡಿಸಿದಳು. ಅವಳೇ ಗಂಡನ ತಾಯಿ. ನೀರು ಕುಡಿಸಲು ಕುಕ್ಕರಗಾಲಲ್ಲಿ ಕೂತಾಗ ಅವಳ ಎಡಗಾಲು ಕಣ್ಣಿಗೆ ಬಿತ್ತು. ಕಿರುಬೆರಳು ಪಕ್ಕದ ಬೆರಳಿನ ಬೆನ್ನೇರಿ ಕೂತಿತ್ತು.

ಉಳಿದ ಕುರಿಗಳಿಗೆ ಒಡೆದ ಮಡಕೆಯ ತಳದಲ್ಲಿದ್ದ ಕೆಂಪನ್ನೇ ಬಳಿದು ಹೊರಡಲು ಎದ್ದೆ. ಆಗ ಗಂಡ ಒಂದು ಹುಚ್ಚು ಕೆಲಸ ಮಾಡಿದ. ಹಟ್ಟಿಯ ಹಿರಿಯನನ್ನು ಕರೆಸಿದ, ಕಂಬಳಿ ಹಾಸಿಸಿದ. ನಮ್ಮವರಲ್ಲಿ ಹಿರಿಯನ ಎದುರು ನೆಲಕ್ಕೆ ಕಂಬಳಿ ಹಾಸಿ, ಮೇಲೆ ಅರಿಶಿನದ ಭಂಡಾರ ಎರಚಿದರೆ ಅದು ದೇವರ ಗದ್ದುಗೆ. ಅದನ್ನು ಮಡಚುವವರೆಗೆ ಯಾರೂ ಯಾರ ಮೇಲೂ ಕೈ ಎತ್ತಬಾರದು. ಅದರ ಮೇಲಿನ ಭಂಡಾರ ಹಿಡಿದು ಸುಳ್ಳು ಹೇಳಿದವನ ಹಿಂಡು ರೋಗ ಬಿದ್ದು ಸಾಯುತ್ತದೆ ಎಂದು ನಂಬಿಕೆ. ಸುಳ್ಳು ಗೊತ್ತಾದರೆ ಅವನ ಮನೆತನಕ್ಕೇ ಬೆಂಕಿ ನೀರು ಬಂದ್, ಹೆಣ್ಣು ಕೊಡುವುದು ತರುವುದು ಬಂದ್. ಅವನು ಭಂಡಾರ ಹಿಡಿದು ಎಲ್ಲರಿಗೂ ಕೇಳುವಂತೆ ಕೂಗಿದ:

"ಆ ಕೂಸು ನಂದಲ್ಲ! ನಂದಲ್ಲದ ಕೂಸಿಗೆ ನಾ ಯಾಕ ಪೋಟಗಿ ಕೊಡ್ಲಿ? ಬಿಡು ನನ್ನ ಕುರಿ!"

ಅಷ್ಟು ಹೇಳಿದರೆ ಜಪ್ತಿ ನಿಲ್ಲುತ್ತದೆ ಎಂದು ಅವನು ತಿಳಿದಿದ್ದ. ಹಟ್ಟಿಯಲ್ಲಿ ಕಂಬಳಿಯ ಮಾತೇ ಕೊನೆಯ ಮಾತು, ಕೋರ್ಟಿನಲ್ಲೂ ಹಾಗೇ ಇರಬೇಕು ಎಂಬುದು ಅವನ ಲೆಕ್ಕ. ನನಗೆ ನಗು ಬಂತು. "ಆಣೆ ಪ್ರಮಾಣ ಜಡ್ಜ್ ಸಾಹೇಬರ ಮುಂದ ಮಾಡಪಾ" ಎಂದು ಕುರಿ ಹೊಡೆದುಕೊಂಡು ಬಂದೆ. ಮುದುಕಿ ಮಾತ್ರ ಎರಡೂ ಕೈ ತಲೆಯ ಮೇಲೆ ಹೊತ್ತು ನೆಲಕ್ಕೆ ಕೂತಿದ್ದಳು.

ಕುರಿ ಗೋಕಾಕಕ್ಕೆ ಬಂದವು, ಹರಾಜು ಹಾಕುವ ಲಿಲಾವಿಗೆ ದಿನ ಗೊತ್ತಾಯಿತು. ನಾನು ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಅವನಿಗೆ ಯಾರೋ ಬುದ್ಧಿವಂತ ವಕೀಲ ಸಿಕ್ಕ. ಕೂಸು ನಿನ್ನಲ್ಲಿದ್ದರೆ ಕೂಸಿನ ಪೋಟಗಿ ಯಾರಿಗೆ ಕೊಡಬೇಕು? ಇಷ್ಟನ್ನು ಅವನ ಕಿವಿಗೆ ಹಾಕಿದ. ಗಂಡ ತಮ್ಮಂದಿರನ್ನು ಕಟ್ಟಿಕೊಂಡು ಹತ್ತರಗಿ ಕಡೆ ಹೋದ. ಹಾಡಹಗಲೇ, ಶೇಂಗಾ ಹೊಲದಲ್ಲಿ ತಾಯಿ ಕಳೆ ತೆಗೆಯುತ್ತಿದ್ದಾಗ, ಬದುವಿನ ಮೇಲೆ ಆಡುತ್ತಿದ್ದ ಲಗಮಿಯನ್ನು ಎತ್ತಿಕೊಂಡ. ತಾಯಿ ಓಡಿಬಂದು ಮಗಳ ಕಾಲು ಹಿಡಿದಳು, ಬಿಡಲಿಲ್ಲ. ಅವನು ಕೊಡಲಿಯ ಹಿಂಬದಿಯಿಂದ ಅವಳ ಮುಂಗೈಗೆ ಹೊಡೆದ. ಎಲುಬು ಮುರಿದ ಕೈ ಎಷ್ಟು ಹೊತ್ತು ಹಿಡಿದೀತು?

ಬಿದಿರಿನ ಸೀಳು ಕಟ್ಟಿದ ಕೈ ಹಿಡಿದುಕೊಂಡು ಅವಳು ಮತ್ತೆ ಕೋರ್ಟಿನ ಕಟ್ಟೆಗೆ ಬಂದಳು. ಈ ಸಲ ಪಕ್ಕದಲ್ಲಿ ಮಗಳಿರಲಿಲ್ಲ. ಒಳಗೆ ಅವನ ವಕೀಲ, "ಅಪ್ಪನೇ ಮಗುವಿನ ಸಹಜ ಪಾಲಕ" ಎಂದು ದೊಡ್ಡ ದೊಡ್ಡ ಪುಸ್ತಕ ತೆರೆದು ಓದಿದ. ಜಡ್ಜ್ ಸಾಹೇಬರು ಸಿಟ್ಟಿನಿಂದ ಮಗುವನ್ನು ಹಾಜರುಪಡಿಸುವಂತೆ ವಾರಂಟು ಬರೆದರು. ಆದರೆ ಹಾಳು ಕಾಯ್ದೆಯಲ್ಲಿ ಅಷ್ಟೇ ಇದ್ದದ್ದು. ಮಗುವನ್ನು ತರಬಹುದು, ಅವನನ್ನು ಸ್ವಲ್ಪ ದಿನ ಜೇಲಿಗೆ ಹಾಕಬಹುದು. ಹೊರಗೆ ಬಂದವನು ಮತ್ತೆ ಅಪ್ಪನೇ. ಮತ್ತೆ ಬರುತ್ತಾನೆ, ಮತ್ತೆ ಎತ್ತಿಕೊಂಡು ಹೋಗುತ್ತಾನೆ. ಅಪ್ಪನೆಂಬ ಹಕ್ಕನ್ನೇ ಬೇರುಸಹಿತ ಕಿತ್ತುಹಾಕುವ ಕಲಮು ನಮ್ಮ ನಾಜರ ಸಾಹೇಬರ ಯಾವ ಪುಸ್ತಕದಲ್ಲೂ ಇರಲಿಲ್ಲ. ನಾನು ಕೇಳಿಯೇ ಕೇಳಿದೆ.

"ಹುಚ್ಚ ಅದಿ ಏನು? ಅಪ್ಪ ಅಪ್ಪನ" ಎಂದು ಅವರು ವಾರಂಟಿಗೆ ಸಿಕ್ಕಾ ಒತ್ತಿದರು.

ಮಗುವಿನ ಗುರುತು ಹಿಡಿಯಲು ತಾಯಿ ಜೊತೆಗೆ ಬರಬೇಕು, ಅದು ಪದ್ಧತಿ. ಅವಳು ಅಣ್ಣನ ಚಕ್ಕಡಿಯಲ್ಲಿ ಬಂದಳು. ಕುರಿ ಒಯ್ದ ದಿನ ಗಂಡ ಕಂಬಳಿಯ ಮೇಲೆ ಕೂಗಿದ್ದನ್ನು ದಾರಿಯಲ್ಲಿ ನಾನೇ ಅವಳಿಗೆ ಹೇಳಿದೆ. ನನ್ನ ಜೊತೆ ಹೊಸ ಸಿಪಾಯಿ, ಮೂಡಲಗಿಯಿಂದ ಇಬ್ಬರು ಪೊಲೀಸರು. ಹಟ್ಟಿ ಮುಟ್ಟಿದಾಗ ಮನೆಯ ಬಾಗಿಲು ಹಾಕಿತ್ತು. ಒಳಗೆ ಲಗಮಿ ಅಳುತ್ತಿದ್ದಳು. ಕೂಸು ಹಟಕ್ಕೆ ಅಳುವಂತೆ ಅಲ್ಲ. ಹೊಡೆತ ಬೀಳುವ ಮುಂಚೆಯೇ ಅಳುತ್ತಾರಲ್ಲ, ಹಾಗೆ.

ಪದ್ಧತಿ ಬಿಡಲಿಲ್ಲ ನಾನು. ವಾರಂಟು ಗಟ್ಟಿಯಾಗಿ ಓದಿದೆ. ಬಾಗಿಲು ತೆಗೆಯಿರಿ ಎಂದೆ. ಹೆಣ್ಣುಮಕ್ಕಳಿದ್ದರೆ ಹೊರಗೆ ಬರಲಿ ಎಂದು ಹೊತ್ತು ಕೊಟ್ಟೆ. ಮುದುಕಿಯೊಬ್ಬಳೇ ಹಿತ್ತಲ ಬಾಗಿಲಿನಿಂದ ಹೊರಗೆ ಬಂದಳು, ಹಿಂದೆಯೇ ಆ ಬಾಗಿಲಿಗೂ ಅಗುಳಿ ಬಿತ್ತು. ಅವಳ ತುಟಿ ಸೀಳಿತ್ತು. ಮಗನೇ ಹೊಡೆದಿದ್ದ. ನನ್ನ ತಲೆ ಕೆಟ್ಟಿತು. ಹುಕುಂ ಬಿದ್ದವನು ಸ್ವತಃ ಇರುವ ಮನೆ, ಬಾಗಿಲು ತೆಗೆಯಲು ಒಲ್ಲೆನೆಂದರೆ ಮುರಿಯಬಹುದು ಎಂದು ಕಾಯ್ದೆಯಲ್ಲೇ ಇದೆ. ಚಕ್ಕಡಿಯ ನೊಗ ಬಿಚ್ಚಿಸಿ ಬಾಗಿಲಿಗೆ ಹಾಯಿಸಿದೆವು. ಅಗುಳಿ ಮುರಿದು ಒಳಗೆ ನುಗ್ಗಿದರೆ ಮನೆ ಖಾಲಿ. ನೆಲದ ಮೇಲೆ ಹರಿದ ಪುಟ್ಟ ಲಂಗ, ಕಂಬಕ್ಕೆ ಕಟ್ಟಿದ ಹಗ್ಗ. ಮಾಳಿಗೆಯ ಬೆಳಕಿಂಡಿಯಿಂದ ಮಣ್ಣು ಉದುರುತ್ತಿತ್ತು. ಏಣಿ ಮೇಲೆ ಎಳೆದುಕೊಂಡು ಹೋಗಿದ್ದ.

ಅಂಗಳಕ್ಕೆ ಓಡಿಬಂದು ಮೇಲೆ ನೋಡಿದೆ. ಅಯ್ಯೋ ದೇವರೇ, ಇವತ್ತಿಗೂ ಕಣ್ಣು ಮುಚ್ಚಿದರೆ ಅದೇ. ಮಾಳಿಗೆಯ ಅಂಚಿಗೆ ಅವನು ನಿಂತಿದ್ದ. ಒಂದು ಕೈಯಲ್ಲಿ ಕೊಡಲಿ, ಇನ್ನೊಂದು ಕೈಯಲ್ಲಿ ಲಗಮಿಯ ರೆಟ್ಟೆ. ಕೂಸು ಗಾಳಿಯಲ್ಲಿ ನೇತಾಡುತ್ತಿತ್ತು. ಕೆಳಗೆ ಒರಳುಕಲ್ಲು. ಕೂಸಿನ ಬೆನ್ನ ಮೇಲೆ ಹೊಸದಾಗಿ ಸುಟ್ಟ ಗೆರೆಗಳು, ಕುಡಗೋಲಿನ ಅಗಲದವು.

"ಏ ಬೇಲಿಫಾ, ಒಂದ ಹೆಜ್ಜಿ ಮುಂದಿಟ್ಟರ ಒಗದೇ ಬಿಡತೇನಿ ನೋಡ!"

"ಕೂಸಿನ ಮ್ಯಾಲ ಯಾಕ ಸಿಟ್ಟು? ನನ್ನ ಕೂಡ ಬಡದಾಡು ಬಾ, ಗಂಡಸಾಗಿದ್ದರ!" ಎಂದು ಒದರಿದೆ.

"ನಾ ಹುಟ್ಟಿಸಿದ ಕೂಸು! ಇಟ್ಟಕೋತೇನಿ, ಕೊಲ್ಲತೇನಿ. ಕೇಳಾಕ ನೀ ಯಾವ ಮಗಾ?"

ಒಬ್ಬ ಪೊಲೀಸ ಗೋಡೆ ಹತ್ತಲು ಹೋದ. ಗಂಡ ಕೊಡಲಿ ಬೀಸಿದ. ಪೊಲೀಸನ ಎರಡು ಬೆರಳು ಅಂಗಳಕ್ಕೆ ಬಿದ್ದವು. ಹಟ್ಟಿಯ ಜನ ಓಡಿಬಂದು ಸುತ್ತ ನಿಂತರು. ಅವನ ತಮ್ಮಂದಿರ ಕೈಯಲ್ಲಿ ಬಡಿಗೆ. ನನ್ನ ಕೈಯಲ್ಲಿ ವಾರಂಟಿನ ಕಾಗದ. ಅದನ್ನು ಹಿಡಿದು ನಾನೇನು ಮಾಡಬೇಕಿತ್ತು, ಗಾಳಿ ಬೀಸಿಕೊಳ್ಳಬೇಕಿತ್ತೇ?

ಆಗ ತಾಯಿ ಮಾತಾಡಿದಳು. ಮೇಲೆ ನೋಡಲೇ ಇಲ್ಲ. ಹಟ್ಟಿಯ ಹಿರಿಯನ ಕಡೆ ತಿರುಗಿ, ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ಹೇಳಿದಳು:

"ಅಪ್ಪಾರ, ಕಂಬಳಿ ಹಾಸ್ರಿ. ನಾ ಒಂದ ಮಾತು ಹೇಳೂದೈತಿ."

ಹಿರಿಯ ಅಲುಗಲಿಲ್ಲ. ಕೋರ್ಟಿನವರು, ಪೊಲೀಸರು ಇರುವಾಗ ಕಂಬಳಿ ಹಾಸಲು ಅವನಿಗೆ ಅಂಜಿಕೆ. ನನ್ನ ಕಡೆ ನೋಡಿದ. ನಾನು ವಾರಂಟು ಹೊತ್ತು ಬಂದ ಸರಕಾರದ ಮನುಷ್ಯ. ಕೋರ್ಟಿನ ಹುಕುಮನ್ನು ಹಟ್ಟಿಯ ಪಂಚಾಯಿತಿಯ ಕೆಳಗೆ ಇಟ್ಟೆನೆಂದು ತಿಳಿದರೆ ಬಿಲ್ಲೆ ಹೋಗುತ್ತಿತ್ತು, ಪಗಾರ ಹೋಗುತ್ತಿತ್ತು. ಮೇಲೆ ಲಗಮಿ ಅಳುವುದನ್ನೂ ನಿಲ್ಲಿಸಿದ್ದಳು. ಹಾಳಾಗಿ ಹೋಗಲಿ ಎಂದು ನನ್ನ ಹೆಗಲ ಮೇಲಿನ ಕಂಬಳಿಯನ್ನು ಜಗ್ಗಿ ಅಂಗಳದ ನಡುವೆ ಹಾಸಿಬಿಟ್ಟೆ.

"ಭಂಡಾರ ಹಾಕ್ರಿ" ಎಂದೆ.

ಹಿರಿಯ ಸೊಂಟದ ಚೀಲದಿಂದ ಭಂಡಾರ ತೆಗೆದು ಎರಚಿದ. ತಮ್ಮಂದಿರು ಬಡಿಗೆ ಕೆಳಗಿಟ್ಟರು. ಆ ಕ್ಷಣದಿಂದ ಕೂಸನ್ನು ಒಗೆದರೆ ಅವನೊಬ್ಬನಲ್ಲ, ಅವನ ತಮ್ಮಂದಿರ ಮಕ್ಕಳಿಗೂ ಮದುವೆ ಮುಂಜಿ ಇಲ್ಲ. ಅದು ಎಲ್ಲರಿಗೂ ಗೊತ್ತಿತ್ತು. "ಕೂಸಿನ್ನ ಮ್ಯಾಲಕ್ಕ ತಗೋ! ಇಳಿ ಕೆಳಗ!" ಎಂದು, ನನ್ನ ಮಡಕೆಯೇಟಿಗೆ ಹಲ್ಲು ಉದುರಿಸಿಕೊಂಡಿದ್ದ ಆ ತಮ್ಮನೇ ಮೊದಲು ಕೂಗಿದ. ಗಂಡ ಏಣಿ ಇಟ್ಟು, ಕೂಸನ್ನು ಕಂಕುಳಲ್ಲಿ ಒತ್ತಿಕೊಂಡು ಇಳಿದು ಬಂದು ಕಂಬಳಿಯ ಎದುರು ನಿಂತ.

ತಾಯಿ ಹೇಳಿದಳು: "ಕುರಿ ಒಯ್ದ ದಿನ ಇಂವ ಕಂಬಳಿ ಮ್ಯಾಲ ಏನಂದಾನು, ಎಲ್ಲಾರೂ ಕೇಳೀರಿ. ಕೂಸು ನಂದಲ್ಲ ಅಂದ. ಇವತ್ತ ಮಾಳಗಿ ಮ್ಯಾಲ ನಿಂತು ನಂದು ಅಂತಾನ. ಎರಡರಾಗ ಒಂದು ಸುಳ್ಳು. ಅಂದಿಂದು ಸುಳ್ಳ ಆದರ ನಿಮ್ಮ ಹಿಂಡು ಉಳೀತೈತೇನ್ರಿ?"

ಹಿರಿಯ ಗಂಡನ ಕಡೆ ತಿರುಗಿದ. ಗಂಡನ ಮುಖ ಕಪ್ಪಿಟ್ಟಿತು. ಅವನು ಅಂದು ಮಾಡಿದ ತಪ್ಪು ಅವನಿಗೆ ಈಗ ಹೊಳೆಯಿತು. ಪೋಟಗಿ ತಪ್ಪಿಸಿಕೊಳ್ಳಲು ಬಿಟ್ಟುಕೊಟ್ಟ ಮಾತನ್ನು ಹಿಂದಕ್ಕೆ ತಗೊಂಡರೆ ಇಡೀ ಮನೆತನ ಹೊರಗೆ. ಅವಳು ಅಷ್ಟಕ್ಕೇ ನಿಲ್ಲಿಸಿದ್ದರೆ ಅವನು ಸುಳ್ಳುಗಾರನಾಗುತ್ತಿದ್ದ, ಜಾತಿಯಿಂದ ಹೊರಬೀಳುತ್ತಿದ್ದ. ಆದರೆ ಕೂಸಿನ ಅಪ್ಪನಾಗಿಯೇ ಉಳಿಯುತ್ತಿದ್ದ. ಅವಳು ಅದನ್ನು ನನಗಿಂತ ಮೊದಲೇ ಯೋಚಿಸಿದ್ದಳು. ಬಗ್ಗಿ, ಸರಿಯಿದ್ದ ಕೈಯಿಂದ ಭಂಡಾರ ಹಿಡಿದಳು.

"ಅಂದ ಇಂವ ಖರೇನ ಹೇಳ್ಯಾನ. ಕೂಸು ಇವಂದಲ್ಲ. ನಾ ತಪ್ಪಿ ನಡದೇನಿ."

ನನ್ನ ಕಂಬಳಿ, ನನ್ನ ಕಣ್ಣೆದುರು, ಶುದ್ಧ ಸುಳ್ಳು! ಗಂಡ ಬೊಬ್ಬೆಯಿಟ್ಟು, ಕೂಸನ್ನು ಕೆಳಗೆ ಬಿಟ್ಟು, ಎರಡೂ ಕೈಯಿಂದ ಕೊಡಲಿ ಎತ್ತಿದ. ಅದು ಅವಳ ನೆತ್ತಿಗೆ ಇಳಿಯಬೇಕು, ಅಷ್ಟರಲ್ಲಿ ಅವನ ತಮ್ಮಂದಿರೇ ಬಡಿಗೆ ಎತ್ತಿಕೊಂಡು ಅವನ ಮೇಲೆ ಬಿದ್ದರು. ಹಾಸಿದ ಕಂಬಳಿಯ ಎದುರು ಕೈ ಎತ್ತಿದವನಿಗೆ ಅಣ್ಣ ತಮ್ಮ ಇಲ್ಲ. ಮೊದಲ ಏಟಿಗೆ ಮಣಿಕಟ್ಟು ಮುರಿಯಿತು, ಕೊಡಲಿ ಬಿತ್ತು. ಆಮೇಲೆ ಬಿದ್ದ ಏಟುಗಳನ್ನು ನಾನು ಬಿಡಿಸಲು ಹೋಗಲಿಲ್ಲ. ಸ್ವಲ್ಪ ಹೊತ್ತು ಹೋಗಲಿಲ್ಲ. ಆಮೇಲೆ ಹೋದೆ, ಬಿಲ್ಲೆ ಕಟ್ಟಿಕೊಂಡವನು ಹೋಗಲೇಬೇಕಲ್ಲ.

ಹಿರಿಯ ಮುದುಕಿಯನ್ನು ಕೇಳಿದ: "ನೀ ಹಿರ್ಯಾಳು ಅದಿ. ಸೊಸಿ ಅಂದದ್ದು ಖರೆ ಏನವಾ? ಕೂಸಿನ ಮ್ಯಾಲ ನಿಮ್ಮ ಮನಿತನದ ಕುರುಹು ಏನರ ಐತೇನು?"

ಲಗಮಿ ತಾಯಿಯ ಸೀರೆ ಹಿಡಿದು ನಿಂತಿದ್ದಳು, ಬರಿಗಾಲು, ಎಲ್ಲರಿಗೂ ಕಾಣುವಂತೆ. ಮುದುಕಿ ಆ ಪುಟ್ಟ ಕಾಲನ್ನು ನೋಡಿದಳು. ನಾನೂ ನೋಡಿದೆ. ಮುದುಕಿಯ ಕಣ್ಣು ನನ್ನ ಕಣ್ಣಿಗೆ ಬಿತ್ತು. ಅವಳು ಮೆಲ್ಲಗೆ ನೆಲಕ್ಕೆ ಕೂತು, ಸೀರೆಯ ನಿರಿಗೆಯನ್ನು ಎಳೆದು ತನ್ನ ಎರಡೂ ಪಾದ ಮುಚ್ಚಿಕೊಂಡಳು.

"ಏನೂ ಇಲ್ಲ. ಒಯ್ಲಿ ಬಿಡ್ರಿ" ಎಂದಳು. ಸೀಳಿದ ತುಟಿಯಿಂದ ರಕ್ತ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಕೂಸಿಗೂ ಈ ಮನೆತನಕ್ಕೂ ಸಂಬಂಧ ಹರಿಯಿತು, ಇನ್ನು ಯಾರೂ ನಮ್ಮದು ಎನ್ನಬಾರದು ಎಂದು ಹಿರಿಯ ಹೇಳಿದ. ಕುರಿ ಬೇಡ, ಪೋಟಗಿಯೂ ಬೇಡ ಎಂದು ತಾಯಿ ಹೇಳಿದಳು. ಕೋರ್ಟಿನ ಲೆಕ್ಕದಲ್ಲಿ ಈ ಮಾತುಗಳಿಗೆ ಕವಡೆ ಕಿಮ್ಮತ್ತಿಲ್ಲ. ಆದರೆ ಆ ಹಟ್ಟಿಯಲ್ಲಿ ಇನ್ನು ಅವನ ಹಿಂದೆ ಒಬ್ಬನೂ ಬರುವುದಿಲ್ಲ, ಅವನೇ ಮತ್ತೆ ಕೂಸಿಗೆ ಕೈ ಹಾಕಿದರೆ ತಮ್ಮಂದಿರೇ ಅವನ ಕಾಲು ಮುರಿಯುತ್ತಾರೆ. ಜಡ್ಜ್ ಸಾಹೇಬರ ಸಿಕ್ಕಾ ಮಾಡದ ಕೆಲಸ ಆಗಿಹೋಗಿತ್ತು. ಪಂಚನಾಮೆಯಲ್ಲಿ ಮಗುವಿನ ಗುರುತು ಬರೆಯಬೇಕು. ಬೆನ್ನ ಮೇಲೆ ಸುಟ್ಟ ಗಾಯ ಎಂದಷ್ಟೇ ಬರೆದೆ. ಇನ್ನೊಬ್ಬ ಪೊಲೀಸ, ನನ್ನ ಸಿಪಾಯಿ ಸೇರಿ ಗಂಡನನ್ನು ಅವನ ಕಂಬಳಿಯಲ್ಲೇ ಹೊತ್ತು ಮೂಡಲಗಿಗೆ ಒಯ್ದರು, ಬೆರಳು ಹೋದ ಪೊಲೀಸ ಕೈಗೆ ಬಟ್ಟೆ ಸುತ್ತಿಕೊಂಡು ಅವರ ಹಿಂದೆ ನಡೆದ.

ಹೊರಗೆ ಬಂದರೆ ಚಕ್ಕಡಿ ಇಲ್ಲ. ಅವಳ ಅಣ್ಣ ಬಾಗಿಲಿಗೆ ಹಾಯಿಸಿದಾಗ ಸೀಳಿದ ನೊಗವನ್ನೇ ಹಗ್ಗದಿಂದ ಬಿಗಿದು, ಎತ್ತು ಹೂಡಿ ಹೊರಟುಬಿಟ್ಟಿದ್ದ. ತಪ್ಪಿ ನಡೆದ ತಂಗಿಗೆ ತವರಿನ ಬಾಗಿಲು ಮುಚ್ಚಿತು. ಓಡಿಹೋಗಿ ಅವನ ಕೊರಳಪಟ್ಟಿ ಹಿಡಿದು ಖರೆ ಹೇಳಿಬಿಡಲೇ ಎನಿಸಿತು.

"ಹೋಗ್ಲಿ ಬಿಡ್ರಿ ಅಣ್ಣಾರ" ಎಂದಳು ಅವಳು. "ಒಬ್ಬರಿಗೆ ಖರೆ ಹೇಳಿದರ ಊರಿಗೆ ಗೊತ್ತಾಕ್ಕೈತಿ. ಗೋಕಾಕ ಫಾಲ್ಸಿನ ಕಡೆ ನೂಲಿನ ಗಿರಣ್ಯಾಗ ಹೆಣ್ಣಮಕ್ಕಳನ್ನ ತಗೋತಾರಂತ. ಕೈ ಕೂಡಿದ ಮ್ಯಾಲ ಹೋಗತೇನಿ."

ನನ್ನ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡೆ. ಭಂಡಾರ ಉಣ್ಣೆಯೊಳಗೆ ಇಳಿದಿತ್ತು, ಕೊಡವಿದರೂ ಹೋಗಲಿಲ್ಲ. ಲಗಮಿಯನ್ನು ಅದರ ಮೇಲೇ ಕೂರಿಸಿಕೊಂಡು ನಡೆದೆ. ಬೆನ್ನು ಉರಿಯುತ್ತಿತ್ತೇನೋ, ನನ್ನ ತಲೆಗೂದಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಊರು ಹಿಂದೆ ಬಿದ್ದ ಮೇಲೆ ಕೇಳಿದಳು:

"ಅವ್ವಾ, ಅಂವ ನಮ್ಮಪ್ಪ ಅಲ್ಲೇನು?"

"ಅಲ್ಲ" ಎಂದಳು ತಾಯಿ, ಹಿಂದೆ ತಿರುಗದೆ.

ಲಗಮಿಗೆ ನಂಬಿಕೆ ಬರಲಿಲ್ಲ. ನನ್ನ ಕಿವಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಕಾಕಾ, ನೀ ಹೇಳು. ಖರೆ ಹೇಳು."

ತಾಯಿ ನಿಂತಳು. ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಗಂಡನ ಮನೆ ಇಲ್ಲ, ತವರಿಲ್ಲ, ಮರ್ಯಾದೆ ಇಲ್ಲ, ಪೋಟಗಿ ಇಲ್ಲ. ಉಳಿದಿದ್ದು ನನ್ನ ಹೆಗಲ ಮೇಲಿದ್ದ ಈ ಕೂಸೊಂದೇ. ಆ ಪುಟ್ಟ ಕಾಲು ನನ್ನ ಎದೆಯ ಮೇಲೆ, ಬಿಲ್ಲೆಯ ಪಕ್ಕದಲ್ಲಿ ಇಳಿಬಿದ್ದಿತ್ತು, ಬೆರಳ ಮೇಲೆ ಬೆರಳು. ನಾನು ಕಂಬಳಿಯ ತುದಿಯನ್ನು ಜಗ್ಗಿ ಅದನ್ನು ಮುಚ್ಚಿದೆ.

"ಅಲ್ಲವ್ವಾ, ಅಂವ ನಿಮ್ಮಪ್ಪ ಅಲ್ಲ" ಎಂದೆ.